ಹಿತ್ತಲಿಗೆ ಪಿಜ್ಜಾ ಓವನ್: 150 ಡಾಲರಿನದು ಸಾಕೇ, 2,000 ಡಾಲರಿನದು ಬೇಕೇ?

ಏಪ್ರಿಲ್ ಬಂದು ನ್ಯೂಜೆರ್ಸಿಯ ಚಳಿ ಹಿಂದೆ ಸರಿಯಿತು ಅಂದರೆ, ಗೆಳೆಯರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಹಿತ್ತಲಿಗೆ ಪಿಜ್ಜಾ ಓವನ್ ತಗೋಬೇಕು ಅಂತಿದ್ದೀವಿ. ಯಾವುದು ಒಳ್ಳೇದು?" ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಮನೆಯಲ್ಲಿ ಒಂದು ಸಂಜೆಗೆ ಎಷ್ಟು ಪಿಜ್ಜಾ ಬೇಯಬೇಕು?

ಬ್ರ್ಯಾಂಡು, ಬಣ್ಣ, ಸೌದೆಯೋ ಗ್ಯಾಸೋ ಎಲ್ಲ ಆಮೇಲಿನ ಮಾತು. ಯಾಕೆಂದರೆ ಅಗ್ಗದ ಓವನ್ನಿನಲ್ಲೂ ಮೊದಲ ಪಿಜ್ಜಾ ಚೆನ್ನಾಗಿಯೇ ಬರುತ್ತದೆ. ವ್ಯತ್ಯಾಸ ಗೊತ್ತಾಗುವುದು ಮೂರನೆಯದರಿಂದ. ನೀವು ಜಾಸ್ತಿ ದುಡ್ಡು ಕೊಟ್ಟು ಕೊಳ್ಳುವುದು ಇನ್ನೂ ರುಚಿಯಾದ ಪಿಜ್ಜಾವನ್ನಲ್ಲ, ಅಷ್ಟೇ ಚೆನ್ನಾಗಿರುವ ಎಂಟನೇ ಪಿಜ್ಜಾವನ್ನು.

ಕಾವಲಿಯ ಲೆಕ್ಕ

ದೋಸೆ ಹುಯ್ದವರಿಗೆ ಇದನ್ನು ವಿವರಿಸುವುದು ಸುಲಭ. ತೆಳ್ಳನೆಯ ಕಾವಲಿ ಬೇಗ ಕಾಯುತ್ತದೆ. ಹಿಟ್ಟು ಬಿದ್ದ ಕೂಡಲೇ ಅಷ್ಟೇ ಬೇಗ ತಣ್ಣಗಾಗುತ್ತದೆ. ಬೀಡಿನ ಕಾವಲಿ ಕಾಯಲು ಹೊತ್ತು ತಗೊಳ್ಳುತ್ತದೆ, ಆದರೆ ಒಮ್ಮೆ ಕಾದರೆ ಮನೆಮಂದಿಗೆಲ್ಲ ದೋಸೆ ಆಗುವವರೆಗೂ ಕಾವು ಬಿಟ್ಟುಕೊಡುವುದಿಲ್ಲ. ಪಿಜ್ಜಾ ಓವನ್ನಿನ ಒಳಗಿನ ಕಲ್ಲೂ ಹೀಗೆಯೇ.

ಪಿಜ್ಜಾದ ತಳ ಬೇಯುವುದು ಕಲ್ಲಿನ ಕಾವಿನಿಂದ. ಮೇಲ್ಭಾಗ ಬೇಯುವುದು ಉರಿಯಿಂದ ಮತ್ತು ಕಾದ ಛಾವಣಿಯಿಂದ. ಎರಡೂ ಒಟ್ಟಿಗೆ ಮುಗಿಯಬೇಕು. ನೇಪಲ್ಸಿನಲ್ಲಿ 1984ರಲ್ಲಿ ಹುಟ್ಟಿದ ಪಿಜ್ಜಾ ಸಂಘ ಬರೆದಿಟ್ಟ ನಿಯಮದ ಪ್ರಕಾರ ಪಿಜ್ಜಾ 60ರಿಂದ 90 ಸೆಕೆಂಡಿನೊಳಗೆ ಬೇಯಬೇಕು. ಅದಕ್ಕೆ ಕಲ್ಲು 400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು, ಛಾವಣಿ ಅದಕ್ಕಿಂತ ಬಿಸಿ ಇರಬೇಕು. ಇಲ್ಲಿನ ಅಡುಗೆಮನೆ ಓವನ್ನು ಸಾಮಾನ್ಯವಾಗಿ 288 ಡಿಗ್ರಿಗೆ, ಅಂದರೆ 550 ಫ್ಯಾರನ್‌ಹೀಟಿಗೆ ನಿಂತುಬಿಡುತ್ತದೆ. ಊರಿನಲ್ಲಿ ಇಟ್ಟುಕೊಳ್ಳುವ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್ನು, 250 ಡಿಗ್ರಿ ದಾಟುವುದೇ ಕಷ್ಟ. ಹೊರಗಿಡುವ ಓವನ್ ಬೇಕಾಗುವುದು ಈ ಅಂತರ ದಾಟುವುದಕ್ಕೆ.

ಹಾಗಾಗಿ ಅಂಗಡಿಯ ಜಾಹೀರಾತಿನಲ್ಲಿ "500 ಡಿಗ್ರಿ" ಅಂತ ಬರೆದಿದ್ದನ್ನು ನೋಡಿ ತೀರ್ಮಾನ ಮಾಡಬೇಡಿ. ಹೆಚ್ಚುಕಡಿಮೆ ಎಲ್ಲರೂ ಅದನ್ನೇ ಬರೆಯುತ್ತಾರೆ. ಕಲ್ಲು ಎಷ್ಟು ದಪ್ಪ, ಗೋಡೆ ಒಂದೇ ಪದರವೋ ಎರಡೋ, ನಡುವೆ ಕಾವು ತಡೆಯುವ ಹೊದಿಕೆ ಇದೆಯೋ ಅಂತ ನೋಡಿ. ಬೆಲೆಯ ವ್ಯತ್ಯಾಸದ ಬಹುಪಾಲು ಅಲ್ಲೇ ಇರುವುದು.

100ರಿಂದ 200 ಡಾಲರ್: ಪೆಲೆಟ್ ಹಾಕುವ ಪುಟ್ಟ ಓವನ್

ನಾನು ಶುರು ಮಾಡಿದ್ದು ಇದರಿಂದಲೇ. ತೆಳು ಸ್ಟೀಲಿನ ಪೆಟ್ಟಿಗೆ, ಮಡಚುವ ಕಾಲು, ಹಿಂದೆ ಒಂದು ಡಬ್ಬಿ. ಆ ಡಬ್ಬಿಗೆ ಮರದ ಪುಡಿಯನ್ನು ಒತ್ತಿ ಮಾಡಿದ ಪೆಲೆಟ್ ಸುರಿದರೆ ಅವು ಮೆಲ್ಲಗೆ ಜಾರಿ ಉರಿಯುತ್ತವೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಕಲ್ಲು ಕಾಯುತ್ತದೆ. ಮೊದಲ ಪಿಜ್ಜಾ ಹೊರಗೆ ಬಂದಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದ್ದೆವು.

ಮಗಳ ಹುಟ್ಟುಹಬ್ಬಕ್ಕೆ ಹದಿನಾಲ್ಕು ಜನ ಸೇರಿದ ದಿನ ಅದರ ಮಿತಿ ಗೊತ್ತಾಯಿತು. ಮೂರನೇ ಪಿಜ್ಜಾದ ಮೇಲ್ಭಾಗ ಕಪ್ಪಾಗಿತ್ತು, ತಳ ಹಸಿಹಸಿ. ಕಲ್ಲು ಮತ್ತೆ ಕಾಯಲಿ ಅಂತ ಎಂಟು ಹತ್ತು ನಿಮಿಷ ಬಿಡಬೇಕಾಯಿತು. ಅಷ್ಟರಲ್ಲಿ ಪೆಲೆಟ್ ಖಾಲಿ. ಹೊಸದು ಸುರಿದರೆ ಮೊದಲು ಬರೀ ಹೊಗೆ, ಆಮೇಲೆ ಉರಿ. ಸ್ವಲ್ಪ ಗಾಳಿ ಎದ್ದರೂ ಉರಿ ದಿಕ್ಕು ತಪ್ಪುತ್ತಿತ್ತು. ಮಕ್ಕಳು ಕಾದು ಕಾದು ಚಿಪ್ಸ್ ತಿಂದು ಹೊಟ್ಟೆ ತುಂಬಿಸಿಕೊಂಡರು. ನನಗೆ ಬಹಳ ಬೇಜಾರಾಯಿತು, ಯಾಕೆಂದರೆ ಹಿಟ್ಟನ್ನು ಎರಡು ದಿನ ಮೊದಲೇ ಕಲಸಿ ಫ್ರಿಜ್ಜಿನಲ್ಲಿ ಹುದುಗಿಸಿಟ್ಟಿದ್ದೆ.

ಹಾಗಂತ ಇದು ಕೆಟ್ಟ ಓವನ್ ಅಲ್ಲ. ಗಂಡ ಹೆಂಡತಿ, ಒಂದು ಮಗು, ವಾರಾಂತ್ಯಕ್ಕೆ ಮೂರು ಪಿಜ್ಜಾ ಅನ್ನುವ ಮನೆಗೆ ಸಾಕು. ಕ್ಯಾಂಪಿಂಗ್‌ಗೆ ಒಯ್ಯುವವರಿಗೂ ಸರಿ. ಹತ್ತು ಕಿಲೋ ಆಸುಪಾಸಿನ ತೂಕ, ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ. ಬೆಂಕಿ ನೋಡಿಕೊಳ್ಳುವುದೇ ಖುಷಿ ಅನ್ನುವವರಿದ್ದಾರೆ, ಅವರಿಗೂ ಇದು ಹಿಡಿಸುತ್ತದೆ. ಆದರೆ ಬಂದವರ ಜೊತೆ ಕೂತು ಮಾತಾಡಬೇಕು ಅಂದುಕೊಂಡವರಿಗೆ ಆಗುವುದಿಲ್ಲ. ಮೂರು ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಡಬ್ಬಿ ನೋಡಬೇಕು. ಪೆಲೆಟ್ ತರುವಾಗ ಅಡುಗೆಗೆಂದೇ ಮಾಡಿದ್ದನ್ನು ತನ್ನಿ. ಮನೆ ಕಾಯಿಸುವ ಒಲೆಗೆ ಮಾರುವ ಪೆಲೆಟ್‌ನಲ್ಲಿ ಊಟಕ್ಕೆ ಹೊಂದದ ಮರವೋ ಅಂಟೋ ಇರಬಹುದು.

400ರಿಂದ 650 ಡಾಲರ್: ಗ್ಯಾಸಿನ ಓವನ್

ನನ್ನನ್ನು ಕೇಳುವ ಹತ್ತು ಜನರಲ್ಲಿ ಎಂಟು ಜನರಿಗೆ ನಾನು ಹೇಳುವುದು ಇದನ್ನೇ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈ ದರ್ಜೆಯಲ್ಲಿ ಹೆಚ್ಚು ಕೇಳಿಬರುವ ಹೆಸರು ಊನಿ. ಸ್ಕಾಟ್ಲೆಂಡಿನ ಕಂಪನಿ, 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಸೇರಿಸಿ ಶುರುವಾಯಿತು. ಮನೆಮಂದಿಗೆ ಎಟಕುವ ಬೆಲೆಗೆ ಹಿತ್ತಲ ಪಿಜ್ಜಾ ಓವನ್ ಬಂದದ್ದರಲ್ಲಿ ಇವರ ಪಾಲು ದೊಡ್ಡದು. ಅವರ ಕೋಡಾ 12 ಸುಮಾರು 400 ಡಾಲರ್, ತೂಕ ಒಂಬತ್ತು ಕಿಲೋ ಚಿಲ್ಲರೆ. ಕೋಡಾ 16 ಸುಮಾರು 600ರಿಂದ 650 ಡಾಲರ್, ತೂಕ ಹದಿನೆಂಟು ಕಿಲೋ. ಬ್ರಿಟನ್ನಿನದೇ ಇನ್ನೊಂದು ಕಂಪನಿ ಗಾಜ್ನಿ. ಅವರ ರಾಕ್‌ಬಾಕ್ಸ್ ಸುಮಾರು 500 ಡಾಲರ್, ಇಪ್ಪತ್ತು ಕಿಲೋ. ಬೆಲೆ ಏರಿಳಿಯುತ್ತಿರುತ್ತದೆ, ಹಬ್ಬದ ಸೀಸನ್ನಿನಲ್ಲಿ ಇಳಿಯುವುದೂ ಉಂಟು.

ಗ್ಯಾಸಿನಲ್ಲಿ ಏನು ಸುಖ? ಗುಂಡಿ ತಿರುಗಿಸಿದರೆ ಉರಿ. ಕಂಪನಿ ಹದಿನೈದು ನಿಮಿಷ ಸಾಕು ಅನ್ನುತ್ತದೆ, ನಾನು ಇಪ್ಪತ್ತೈದು ಬಿಡುತ್ತೇನೆ. ಆಗ ಕಲ್ಲಿನ ಅಂಚೂ ಕಾದಿರುತ್ತದೆ. ಪಿಜ್ಜಾ ಒಳಗೆ ಹೋದ ಕೂಡಲೇ ಉರಿ ಸಣ್ಣದು ಮಾಡಿ, ತೆಗೆದ ಮೇಲೆ ಮತ್ತೆ ಪೂರ್ತಿ ತೆರೆದರೆ ಎರಡು ಮೂರು ನಿಮಿಷದಲ್ಲಿ ಕಲ್ಲು ಚೇತರಿಸಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ. ಬೇಯಲು ಒಂದೂವರೆ ನಿಮಿಷ, ಚೇತರಿಕೆಗೆ ಎರಡೂವರೆ. ಹನ್ನೆರಡು ಪಿಜ್ಜಾ ಸುಮಾರು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ನನ್ನ ಹಳೆಯ ಪೆಟ್ಟಿಗೆಯಲ್ಲಿ ಅಷ್ಟಕ್ಕೇ ಎರಡು ಗಂಟೆ ಬೇಕಿತ್ತು.

12 ಇಂಚೋ 16 ಇಂಚೋ ಅನ್ನುವುದು ಮುಂದಿನ ಪ್ರಶ್ನೆ. ನಾಲ್ಕೇ ಇಂಚು ಅನ್ನಿಸಬಹುದು, ಆದರೆ ಪಿಜ್ಜಾದ ಹರವು ಸುಮಾರು 1.8 ಪಟ್ಟು ಆಗುತ್ತದೆ. ನಾನು 16ರ ಕಡೆಗೇ ವಾಲುತ್ತೇನೆ. ಹದಿನಾರು ಇಂಚಿನ ಪಿಜ್ಜಾನೇ ಮಾಡಬೇಕು ಅಂತಲ್ಲ. ಹನ್ನೆರಡು ಇಂಚಿನದನ್ನು ಅದರೊಳಗೆ ತಿರುಗಿಸುವುದು ಸುಲಭ, ಅದಕ್ಕೆ. 12ರ ಓವನ್ನಿನಲ್ಲಿ ಪಿಜ್ಜಾದ ಅಂಚು ಉರಿಗೆ ತಾಗುವಷ್ಟು ಹತ್ತಿರ ಇರುತ್ತದೆ. ಇಪ್ಪತ್ತು ಸೆಕೆಂಡ್ ಮೈಮರೆತರೆ ಆ ಪಕ್ಕ ಸೀದೇ ಹೋಗುತ್ತದೆ. ಕೋಡಾ 16ರಲ್ಲಿ ಉರಿ ಹಿಂದೆ ಮತ್ತು ಒಂದು ಪಕ್ಕ ಹಬ್ಬಿರುತ್ತದೆ, ಕಲ್ಲೂ ಸ್ವಲ್ಪ ದಪ್ಪ. ಹೊಸಬರಿಗೆ ತಪ್ಪು ಮಾಡಲು ಜಾಗ ಸಿಗುತ್ತದೆ.

ರಾಕ್‌ಬಾಕ್ಸ್ ಬೇರೆ ಕಾರಣಕ್ಕೆ ಇಷ್ಟ. ಅದರ ಮೈಗೆ ಸಿಲಿಕೋನ್ ಹೊದಿಕೆ ಇದೆ. ಒಳಗೆ ಅಷ್ಟು ಬೆಂಕಿ ಇದ್ದರೂ ಆ ಹೊದಿಕೆ ಕೈಸುಡುವಷ್ಟು ಬಿಸಿಯಾಗುವುದಿಲ್ಲ. ಚಿಕ್ಕ ಮಕ್ಕಳು ಓಡಾಡುವ ಹಿತ್ತಲಿಗೆ ಇದು ಸಣ್ಣ ವಿಷಯವಲ್ಲ. ಬಾಯಿ ಮಾತ್ರ ಚಿಕ್ಕದು, ಹನ್ನೆರಡು ಇಂಚು ದಾಟುವಂತಿಲ್ಲ.

2,000 ಡಾಲರ್: ಗುಮ್ಮಟದ ಓವನ್

ಗಾಜ್ನಿಯ ಡೋಮ್ 2021ರಲ್ಲಿ ಬಂತು. ಗ್ಯಾಸು, ಸೌದೆ ಎರಡೂ ನಡೆಯುವ ಮಾದರಿ 2,000 ಡಾಲರ್ ಹತ್ತಿರ ಇದೆ. ತೂಕ 58 ಕಿಲೋ. ಇಬ್ಬರು ಹಿಡಿದರೇ ಎತ್ತಲು ಸಾಧ್ಯ, ಒಮ್ಮೆ ಇಟ್ಟ ಮೇಲೆ ಅದು ಅಲ್ಲೇ. ಇಟಲಿಯ ಕಂಪನಿಗಳ ಓವನ್ನುಗಳು ಇನ್ನೂ ದುಬಾರಿ.

ಹತ್ತಿರದ ಗೆಳೆಯರ ಮನೆಯಲ್ಲಿ ಡೋಮ್ ಇದೆ. ಎರಡು ಬೇಸಿಗೆ ಅದರ ಮುಂದೆ ನಿಂತು ಬೇಯಿಸಿದ್ದೇನೆ. ಪಿಜ್ಜಾ ಒಂದನ್ನೇ ತಿಂದು ನೋಡಿದರೆ, ಇದು ಡೋಮಿನದು, ಅದು 16ರ ಗ್ಯಾಸ್ ಓವನ್ನಿನದು ಅಂತ ನನ್ನಿಂದ ಹೇಳಲು ಆಗುವುದಿಲ್ಲ. ಆದರೆ ಬೇಯಿಸುವ ನೆಮ್ಮದಿ ಬೇರೆಯೇ. ಕಾಯಲು ಮುಕ್ಕಾಲು ಗಂಟೆ ಬೇಕು. ಆಮೇಲೆ ಒಂದಾದ ಮೇಲೊಂದು ಹಾಕುತ್ತಾ ಹೋಗಬಹುದು. ಇಪ್ಪತ್ತನೆಯದೂ ಮೊದಲನೆಯದರ ಹಾಗೇ ಬರುತ್ತದೆ. ನವೆಂಬರಿನ ಚಳಿಗಾಳಿಯಲ್ಲೂ ಅದು ಜಗ್ಗಲಿಲ್ಲ.

ಇನ್ನೊಂದು ಲಾಭ, ಪಿಜ್ಜಾ ಮುಗಿದ ಮೇಲಿನದು. ಉರಿ ಆರಿಸಿದ ಮೇಲೂ ಗುಮ್ಮಟದಲ್ಲಿ ಬಹಳ ಹೊತ್ತು ಕಾವು ಉಳಿಯುತ್ತದೆ. ಮೊದಲು ಇಡೀ ಬದನೆಕಾಯಿ ಇಡುತ್ತೇವೆ. ಸಿಪ್ಪೆ ಸುಟ್ಟು ತಿರುಳು ಬೆಣ್ಣೆಯಾಗುತ್ತದೆ, ಮರುದಿನಕ್ಕೆ ಸುಟ್ಟ ಬದನೆಕಾಯಿ ಗೊಜ್ಜು. ಕಾವು ಇನ್ನಷ್ಟು ಇಳಿದ ಮೇಲೆ ಬ್ರೆಡ್ಡು. ತೆಳು ಓವನ್ನುಗಳಲ್ಲಿ ಈ ಇಳಿಗಾವಿನ ಅಡುಗೆ ಆಗುವುದಿಲ್ಲ. ಉರಿ ಆರಿಸಿದ ಅರ್ಧ ಗಂಟೆಗೆ ಅವು ತಣ್ಣಗೆ.

ಈಗ ದುಡ್ಡಿನ ಲೆಕ್ಕ. ವರ್ಷಕ್ಕೆ ಹತ್ತು ಸಲ, ಐದು ವರ್ಷ ಬಳಸಿದಿರಿ ಅಂದುಕೊಳ್ಳಿ. ಐವತ್ತು ಸಂಜೆ. 400 ಡಾಲರಿನ ಓವನ್ನಿಗೆ ಸಂಜೆಗೆ 8 ಡಾಲರ್ ಬಿತ್ತು. 2,000ದ್ದಕ್ಕೆ 40 ಡಾಲರ್. ಮೇಲೆ ಸ್ಟ್ಯಾಂಡು, ಮಳೆಗೆ ಹೊದಿಸುವ ಕವರು ಬೇರೆ. ತಿಂಗಳಿಗೆ ಎರಡು ಮೂರು ಸಲ ಹದಿನೈದಿಪ್ಪತ್ತು ಜನ ಸೇರುವ ಮನೆ, ಸೌದೆ ಉರಿಸುವ ಆಸೆ, ಬ್ರೆಡ್ಡಿನ ಅಭ್ಯಾಸ, ಈ ಮೂರರಲ್ಲಿ ಎರಡಾದರೂ ಇದ್ದರೆ ತಗೊಳ್ಳಿ, ಕೊರಗುವುದಿಲ್ಲ. ಇಲ್ಲದಿದ್ದರೆ ಆ ದುಡ್ಡನ್ನು ಸುಮ್ನೆ ಹಿತ್ತಲಿನಲ್ಲಿ ನಿಲ್ಲಿಸಿದ ಹಾಗೆ.

ಸೌದೆ ಅಂದೆನಲ್ಲ. ಸೌದೆಯ ಹೊಗೆಯಿಂದ ಪಿಜ್ಜಾಕ್ಕೆ ಬೇರೆಯೇ ರುಚಿ ಬರುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ತೊಂಬತ್ತು ಸೆಕೆಂಡಿನಲ್ಲಿ ಹೊಗೆ ಹಿಡಿಯುವುದು ಬಹಳ ಕಮ್ಮಿ. ಆ ರುಚಿಯ ಬಹುಪಾಲು ಅಂಚಿನ ಮೇಲಿನ ಸುಟ್ಟ ಚುಕ್ಕೆಗಳದ್ದು. ಅವು ಗ್ಯಾಸಿನಲ್ಲೂ ಬರುತ್ತವೆ. ಉರಿಯ ಮುಂದೆ ಕೂರುವ ಖುಷಿಗೆ ಸೌದೆ ಬೇಕು ಅಂದರೆ ಅದು ನಿಜವಾದ ಕಾರಣ, ಅದನ್ನು ನಾನು ಗೌರವಿಸುತ್ತೇನೆ.

ಏನೂ ಕೊಳ್ಳುವ ಮೊದಲು

ನಿಮ್ಮ ಮನೆಯವರಿಗೆ ಎಂಥ ಪಿಜ್ಜಾ ಇಷ್ಟ ಅಂತ ಮೊದಲು ನೋಡಿಕೊಳ್ಳಿ. ನಮ್ಮವರಿಗೆ ದೊಣ್ಣೆಮೆಣಸು, ಈರುಳ್ಳಿ, ಪನೀರ್, ಜೋಳ ಎಲ್ಲ ರಾಶಿ ಬೇಕು. ಅಷ್ಟು ಹೊತ್ತ ಪಿಜ್ಜಾ ತೊಂಬತ್ತು ಸೆಕೆಂಡಿನಲ್ಲಿ ಬೇಯುವುದಿಲ್ಲ. ತರಕಾರಿ ಹಸಿ ಉಳಿಯುತ್ತದೆ, ನೀರು ಬಿಟ್ಟು ನಡು ಒದ್ದೆಯಾಗುತ್ತದೆ. ತರಕಾರಿಯನ್ನು ಮೊದಲೇ ಹುರಿದು ಕಮ್ಮಿ ಹಾಕಬೇಕು. ಅಥವಾ ದಪ್ಪ ಪಿಜ್ಜಾವೇ ಬೇಕು ಅಂದರೆ ಈ ಓವನ್ನುಗಳೇ ಬೇಡ. ಕಾಲು ಇಂಚು ದಪ್ಪದ ಸ್ಟೀಲ್ ಹಲಗೆ ಸುಮಾರು 100 ಡಾಲರಿಗೆ ಸಿಗುತ್ತದೆ. ಅದನ್ನು ಅಡುಗೆಮನೆ ಓವನ್ನಿನಲ್ಲಿಟ್ಟು ಮುಕ್ಕಾಲು ಗಂಟೆ ಪೂರ್ತಿ ಕಾಯಿಸಿ, ಆರೇಳು ನಿಮಿಷ ಬೇಯಿಸಿ. ರಾಶಿ ತರಕಾರಿಯ ಪಿಜ್ಜಾಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಎಷ್ಟೋ ಮನೆಗಳಲ್ಲಿ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ಹಿಟ್ಟೂ ಓವನ್ನಿಗೆ ತಕ್ಕಂತೆ ಬದಲಾಗಬೇಕು. 280 ಡಿಗ್ರಿಯಲ್ಲಿ ಬೇಯಿಸುವಾಗ ಕಣಕಕ್ಕೆ ಸ್ವಲ್ಪ ಎಣ್ಣೆ, ಚಿಟಿಕೆ ಸಕ್ಕರೆ ಇದ್ದರೆ ಬಣ್ಣ ಬರುತ್ತದೆ. 430 ಡಿಗ್ರಿಯಲ್ಲಿ ಅದೇ ಸಕ್ಕರೆ ಸೀದು ಕಹಿಯಾಗುತ್ತದೆ. ಅಲ್ಲಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಇಷ್ಟೇ. ಹೊಸಬರು 100 ಗ್ರಾಂ ಹಿಟ್ಟಿಗೆ 60 ಗ್ರಾಂ ನೀರಿನಿಂದ ಶುರು ಮಾಡಿ, ಕೈ ಪಳಗಿದ ಮೇಲೆ 65ಕ್ಕೆ ಏರಿಸಿ. ಸಸ್ಯಾಹಾರಿಗಳು ಚೀಸಿನ ಲೇಬಲ್ ಓದಿ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನೇ ಹಾಕಬೇಕೆಂಬ ನಿಯಮ ಇದೆ. ಮೈಕ್ರೋಬಿಯಲ್ ರೆನೆಟ್ ಅಂತ ಬರೆದಿರುವ ಚೀಸ್ ಸುಲಭವಾಗಿ ಸಿಗುತ್ತದೆ.

ಓವನ್ನಿನ ಬೆಲೆಯ ಜೊತೆಗೆ ಇನ್ನೊಂದು 100 ಡಾಲರ್ ತೆಗೆದಿಡಿ. ಒಳಗೆ ಜಾರಿಸಲು ಒಂದು ಅಗಲದ ಪೀಲ್ (ಹಿಡಿ ಇರುವ ಚಪ್ಪಟೆ ಹಲಗೆ), ಒಳಗೆ ತಿರುಗಿಸಲು ಒಂದು ಪುಟ್ಟ ದುಂಡು ಪೀಲ್, ಹಿಟ್ಟು ತೂಗಲು ತಕ್ಕಡಿ, ಮತ್ತೆ ಕಲ್ಲಿನ ಕಾವು ನೋಡಲು ದೂರದಿಂದಲೇ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್. ಕೊನೆಯದನ್ನು ಬಿಡಲೇಬೇಡಿ. ಬಾಗಿಲಿಗೆ ಅಂಟಿಸಿದ ಮುಳ್ಳಿನ ಮೀಟರು ತೋರಿಸುವುದು ಗಾಳಿಯ ಬಿಸಿಯನ್ನು, ಕಲ್ಲಿನದನ್ನಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೊದಲು ಕಟ್ಟಡದ ನಿಯಮ ಕೇಳಿ. ಬಾಲ್ಕನಿಯಲ್ಲಿ ಪ್ರೋಪೇನ್ ಗ್ಯಾಸಿನ ಸಿಲಿಂಡರ್ ಇಡಲು ಬಹಳ ಕಡೆ ಬಿಡುವುದಿಲ್ಲ. ಮಳೆ ಬಂತು ಅಂತ ಗ್ಯಾಸ್ ಅಥವಾ ಪೆಲೆಟ್ ಓವನ್ನನ್ನು ಗ್ಯಾರೇಜಿನೊಳಗೆ ಎಂದೂ ಎಳೆದುಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಇಂಥವರಿಗೆ ಕರೆಂಟಿನ ಓವನ್ ಇದೆ. ಊನಿಯ ವೋಲ್ಟ್ 12 ಅನ್ನು ಒಳಗೂ ಹೊರಗೂ ಇಡಬಹುದು. 1,600 ವ್ಯಾಟ್, 450 ಡಿಗ್ರಿವರೆಗೆ ಹೋಗುತ್ತದೆ. ಉರಿ ನೋಡುವ ಖುಷಿ ಇಲ್ಲ ಅನ್ನುವುದು ಬಿಟ್ಟರೆ ಪಿಜ್ಜಾ ಚೆನ್ನಾಗಿಯೇ ಬರುತ್ತದೆ.

ಊರಿಗೆ ಒಯ್ಯಬಹುದೇ?

ಬೆಂಗಳೂರಿನ ಮನೆಯ ತಾರಸಿಗೆ ಇಲ್ಲಿಂದ ಒಂದು ಓವನ್ ತಗೊಂಡು ಹೋಗೋಣ ಅಂತ ತಮ್ಮ ಕೇಳಿದ್ದ. ಬೇಡ ಅಂದೆ. ಇಲ್ಲಿನ ಗ್ಯಾಸ್ ಓವನ್ನಿನ ಜೆಟ್ಟನ್ನು, ಅಂದರೆ ಗ್ಯಾಸ್ ಹೊರಬರುವ ಸಣ್ಣ ತೂತನ್ನು, ಇಲ್ಲಿನ ಪ್ರೋಪೇನಿಗೆ ಅಳೆದು ಕೂರಿಸಿರುತ್ತಾರೆ. ನಮ್ಮ ಮನೆಯ 14.2 ಕಿಲೋ ಸಿಲಿಂಡರಿನಲ್ಲಿ ಇರುವುದು ಬ್ಯುಟೇನ್ ಮತ್ತು ಪ್ರೋಪೇನ್ ಬೆರೆತ ಗ್ಯಾಸು. ರೆಗ್ಯುಲೇಟರಿನ ಬಾಯಿಯೂ ಬೇರೆ. ಪೈಪು ಹೇಗೋ ಸಿಕ್ಕಿಸಿದರೆ ಆಗುತ್ತದೆ ಅನ್ನುವ ವಿಷಯ ಇದಲ್ಲ. ಅಲ್ಲಿ ಕೊಳ್ಳುವುದಾದರೆ ಭಾರತದ ಎಲ್‌ಪಿಜಿಗೆ ಅಂತಲೇ ಮಾಡಿದ್ದನ್ನು ಕೊಳ್ಳಬೇಕು.

ಜಾಗ ಇದ್ದವರಿಗೆ ಊರಿನಲ್ಲಿ ಇನ್ನೊಂದು ದಾರಿ ಇದೆ. ನಮ್ಮ ಹಳೆಯ ಅಯ್ಯಂಗಾರ್ ಬೇಕರಿಗಳಲ್ಲಿ ಇಟ್ಟಿಗೆಯ ಸೌದೆ ಒಲೆ ಇರುತ್ತಿತ್ತು. ಒಳಗೆ ಸೌದೆ ಉರಿಸಿ, ಕೆಂಡ ಎಳೆದು, ಉಳಿದ ಕಾವಿನಲ್ಲೇ ಬ್ರೆಡ್ಡು, ಬನ್ನು ಬೇಯಿಸುತ್ತಿದ್ದರು. 2,000 ಡಾಲರಿನ ಡೋಮ್ ಮಾಡುವ ಕೆಲಸವೂ ಅದೇ. ಒಳ್ಳೆಯ ಗಾರೆ ಕೆಲಸದವರು ಸಿಕ್ಕಿದರೆ ಬೆಂಕಿ ತಡೆಯುವ ಇಟ್ಟಿಗೆ, ಜೇಡಿಮಣ್ಣು, ಮರಳಿನಲ್ಲಿ ಗುಮ್ಮಟ ಕಟ್ಟಿಸಬಹುದು. ಬಾಗಿಲಿನ ಎತ್ತರ ಗುಮ್ಮಟದ ಒಳ ಎತ್ತರದ ಶೇಕಡಾ 63ರ ಹತ್ತಿರ ಇರಲಿ. ಜಾಸ್ತಿಯಾದರೆ ಕಾವು ಹೊರಗೆ ಹೋಗುತ್ತದೆ, ಕಮ್ಮಿಯಾದರೆ ಹೊಗೆ ಒಳಗೇ ಸುತ್ತುತ್ತದೆ. ಕಾಯಲು ಎರಡು ಮೂರು ಗಂಟೆ ಸೌದೆ ಉರಿಸಬೇಕು. ನಾಲ್ಕು ಜನರ ಊಟಕ್ಕೆ ಅಷ್ಟು ಸೌದೆ ದಂಡ. ತೋಟದ ಮನೆಗೆ, ಐವತ್ತು ಜನ ಸೇರುವ ಹಬ್ಬಕ್ಕೆ ಇದಕ್ಕೆ ಸಾಟಿ ಇಲ್ಲ.

ಹಳೆಯದು ಕೊಳ್ಳುವಾಗ, ಹೊಸದು ತಂದಾಗ

ಅಕ್ಟೋಬರ್ ಬಂದಾಗ ಬಹಳ ಜನ ಇವನ್ನು ಮಾರಿಬಿಡುತ್ತಾರೆ. ನನ್ನ 16ರ ಓವನ್ ಹಾಗೇ ಅರ್ಧ ಬೆಲೆಗೆ ಸಿಕ್ಕಿತು. ಹೋಗಿ ನೋಡುವಾಗ ಉರಿ ಹಚ್ಚಿಸಿ ನೋಡಿ. ಉರಿ ಉದ್ದಕ್ಕೂ ಒಂದೇ ಸಮ ಇರಬೇಕು. ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡಿ. ಕಲ್ಲಿನ ಮೇಲಿನ ಕಪ್ಪು ಕಲೆಗೆ ಹೆದರಬೇಡಿ, ಬಳಸಿದ ಕಲ್ಲು ಹಾಗೇ ಇರುವುದು. ಎರಡು ತುಂಡಾಗಿದ್ದರೆ ಹೊಸ ಕಲ್ಲಿನ ಬೆಲೆ ಕಳೆದು ಕೇಳಿ.

ಹೊಸದನ್ನೇ ತಂದಿದ್ದರೂ ಅದೇ ದಿನ ನೆಂಟರನ್ನು ಕರೆಯಬೇಡಿ. ಹೊಸ ಕಾವಲಿಯನ್ನು ಪಳಗಿಸುತ್ತೇವಲ್ಲ, ಹಾಗೆ ಇದನ್ನೂ ಮೊದಲು ಖಾಲಿ ಉರಿಸಬೇಕು. ಕಾರ್ಖಾನೆಯ ಎಣ್ಣೆ, ವಾಸನೆ ಹೋಗಲಿ. ಕಲ್ಲಿನೊಳಗೆ ತೇವ ಇದ್ದರೆ ಒಮ್ಮೆಲೇ ದೊಡ್ಡ ಉರಿಗೆ ಸಿಡಿಯುತ್ತದೆ. ಹದಿನೈದು ನಿಮಿಷ ಸಣ್ಣ ಉರಿ, ಆಮೇಲೆ ಅರ್ಧ ಗಂಟೆ ಪೂರ್ತಿ ಉರಿ ಕೊಡಿ. ಆರಿಸಿ ತಾನಾಗಿಯೇ ತಣ್ಣಗಾಗಲು ಬಿಡಿ. ಕಲ್ಲಿಗೆ ನೀರು ಮುಟ್ಟಿಸಬೇಡಿ. ಮರುದಿನ ಎರಡೇ ಉಂಡೆ ಹಿಟ್ಟು ಹಿಡಿದುಕೊಂಡು ನಿಲ್ಲಿ. ಮೊದಲನೆಯದು ದುಂಡಗೆ ಬರುವುದಿಲ್ಲ, ಒಂದು ಪಕ್ಕ ಸೀದಿರುತ್ತದೆ. ಅದನ್ನು ಅಲ್ಲೇ ನಿಂತು ತಿನ್ನಿ, ಅಷ್ಟರಲ್ಲಿ ಎರಡನೆಯದಕ್ಕೆ ಕಲ್ಲು ಕಾದಿರುತ್ತದೆ.